ಏಕಾದಶಿಗೆ ಬರುತ್ತಿದ್ದ ಅರಳುಮರಳು

ಇದನ್ನು ಓದಿದ ಮೇಲೆ ನಿಮಗೆ ಧೈರ್ಯ ಬರುತ್ತದೆ ಎಂದು ನಾನು ಹೇಳಲಾರೆ. ಕಾಯಿಲೆಯ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಕೊನೆಗೆ ಗೆದ್ದು ಬಂದ ಸುದ್ದಿ ಹೇಳುತ್ತಾರೆ. ನನ್ನ ಹತ್ತಿರ ಅಂಥ ಸುದ್ದಿ ಇಲ್ಲ. ನನಗಿರುವುದು ಸಕ್ಕರೆ ಕಾಯಿಲೆ, ಅದು ಬಂದರೆ ಹೋಗುವಂಥದ್ದಲ್ಲ. ಅದರ ಬೆನ್ನಿಗೆ ಅರಳುಮರಳು ಎಂಬ ಹೆಸರೂ ಬಂತು. ಅದು ನನಗೆ ಇರಲೇ ಇಲ್ಲ, ಆದರೆ ಅದೂ ಹೋಗಲಿಲ್ಲ. ನನ್ನ ಹಾಗೆ ಎಲ್ಲೋ ಒಂದು ಕೋಣೆಯಲ್ಲಿ ಕೂತು, ನನ್ನ ತಲೆ ನೆಟ್ಟಗಿದೆಯೋ ಇಲ್ಲವೋ ಎಂದು ತಮ್ಮನ್ನೇ ಕೇಳಿಕೊಳ್ಳುತ್ತಿರುವವರು ಯಾರಾದರೂ ಇದ್ದರೆ ಅವರಿಗೆ ಒಬ್ಬರು ಜೊತೆಯಾದ ಹಾಗಾಗಲಿ ಎಂದು ಬರೆಯುತ್ತಿದ್ದೇನೆ.

ನಾನು ಉಮ್ಮಚಗಿಯ ಕಡೆಯ ಶಾಲೆಯೊಂದರಲ್ಲಿ ಮಾಸ್ತರಿಕೆ ಮಾಡಿ ನಿವೃತ್ತಳಾದವಳು. ನಮ್ಮ ಕಡೆ ಶಾಲೆ ಕಲಿಸುವ ಹೆಂಗಸಿಗೆ ಅಕ್ಕೋರು ಅನ್ನುತ್ತಾರೆ. ನನ್ನ ಹೆಸರು ಹಿಡಿದು ಕರೆಯುವವರು ಈಗ ಯಾರೂ ಉಳಿದಿಲ್ಲವಾದ್ದರಿಂದ ಅಕ್ಕೋರು ಎಂಬುದೇ ನನ್ನ ಹೆಸರು. ಮದುವೆಯಾಗಲಿಲ್ಲ. ಅದಕ್ಕೆ ದೊಡ್ಡ ಕಥೆಯೇನೂ ಇಲ್ಲ, ಆಗಲಿಲ್ಲ ಅಷ್ಟೆ.

ಕಾಯಿಲೆ ಗೊತ್ತಾದದ್ದು ತೊಂಬತ್ತರ ದಶಕದಲ್ಲಿ, ನೌಕರಿಯ ಕೊನೆಯ ವರ್ಷಗಳಲ್ಲಿ. ಕಾಲ್ಬೆರಳಿಗೆ ಚಪ್ಪಲಿ ಕಚ್ಚಿದ ಗಾಯ ಮಾಯಲೇ ಇಲ್ಲ. ಯಲ್ಲಾಪುರದ ದವಾಖಾನೆಯಲ್ಲಿ ಬೆಳಗಿನಿಂದ ಬೆಂಚಿನ ಮೇಲೆ ಕೂತಿದ್ದೆ. ಪಕ್ಕದಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದ. ಅವನ ಎದುರಿಗೇ ಕಂಪೌಂಡರ್ ನನ್ನ ಮೂತ್ರವನ್ನು ಗಾಜಿನ ನಳಿಗೆಯಲ್ಲಿ ಹಾಕಿ, ನೀಲಿ ನೀರು ಸೇರಿಸಿ, ಸ್ಟೋವಿನ ಉರಿಗೆ ಹಿಡಿದ. ನೀಲಿ ಹೋಗಿ ಹಸಿರಾಯಿತು, ಹಳದಿಯಾಯಿತು, ಕೊನೆಗೆ ಇಟ್ಟಿಗೆಯ ಬಣ್ಣಕ್ಕೆ ಬಂದು ನಿಂತಿತು. ನನ್ನ ವಿದ್ಯಾರ್ಥಿ ಮರ್ಯಾದೆಯಿಂದ ಬೇರೆ ಕಡೆ ನೋಡಿದ. ಡಾಕ್ಟರು ಮಾತ್ರೆ ಬರೆದುಕೊಟ್ಟು, ಏನೇ ಆದರೂ ಮಾತ್ರೆ ತಪ್ಪಿಸಬೇಡಿ ಅಂದರು. ತಿನ್ನಬಾರದ್ದನ್ನೆಲ್ಲ ಹೇಳಿದರು. ತಿನ್ನದೇ ಇದ್ದರೆ ಏನಾಗುತ್ತದೆ ಎಂದು ಹೇಳಲಿಲ್ಲ, ನನಗೂ ಕೇಳಬೇಕೆಂದು ಹೊಳೆಯಲಿಲ್ಲ.

ನಿವೃತ್ತಿಯ ನಂತರ ಮಂಚಿಕೇರಿಯ ಅಣ್ಣನ ಮನೆಯಲ್ಲಿದ್ದೆ. ಅಣ್ಣ ತೀರಿಕೊಂಡ ಮೇಲೆ ಅವನ ಮಗ ಗಪತಿ ನನ್ನನ್ನು ಶಿರಸಿಗೆ ಕರೆದುಕೊಂಡು ಬಂದ. ಅವನಿಗೆ ಅಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ. ಮನೆ ಅಂಗಡಿಯ ಮೇಲೆ, ಹತ್ತಲು ಕಡಿದಾದ ಮೆಟ್ಟಿಲು. ಆ ಹಳೆಯ ಗಾಯ ಕೊಳೆತು ಬೆರಳನ್ನೇ ಕತ್ತರಿಸಬೇಕಾಗಿ ಬಂದಿತ್ತು, ಆ ಕಾಲಿನಲ್ಲಿ ನಾನು ಮೆಟ್ಟಿಲನ್ನು ಕೂತುಕೊಂಡೇ ಇಳಿಯುತ್ತಿದ್ದೆ. ಒಂದು ದಿನ ಗಪತಿಯ ಹೆಂಡತಿ ಅದನ್ನು ನೋಡಿ ಅತ್ತಳು. ಆ ವಾರವೇ ಊರ ಹೊರಗಿನ ವೃದ್ಧರ ಮನೆಯ ಮಾತು ಬಂತು. ಅವರ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟು ಬರುವ ಹಾಗೆ ನಡೆದುಕೊಂಡಿದ್ದರೆ ನನಗೆ ಸುಲಭವಾಗುತ್ತಿತ್ತು.

ಆ ಮನೆಯನ್ನು ಊರೆಲ್ಲ ಹೊಗಳುತ್ತಿತ್ತು, ಅದರಲ್ಲಿ ಸುಳ್ಳಿರಲಿಲ್ಲ. ನೆಲ ಕನ್ನಡಿಯ ಹಾಗಿತ್ತು. ಯಾರೂ ಗದರುತ್ತಿರಲಿಲ್ಲ. ಮಡಿಯಲ್ಲಿ ಅಡುಗೆ, ಊಟಕ್ಕೆ ತಂಬುಳಿ, ಸಂಜೆಗೆ ಭಜನೆ. ನಡೆಸುತ್ತಿದ್ದ ಹೆಗಡೆಯವರು ಸಂಬಳವಿಲ್ಲದೆ ದುಡಿಯುವ ಸಾತ್ವಿಕ ಮನುಷ್ಯ. ನಮ್ಮ ಹಾಸಿಗೆ, ಸ್ನಾನ, ಮಾತ್ರೆ ಎಲ್ಲ ಸುಮಿತ್ರಾ ಎಂಬ ಹೆಂಗಸಿನ ಕೈಯಲ್ಲಿ. ಅವಳು ಪ್ರತಿಯೊಬ್ಬರ ಮಾತ್ರೆಯನ್ನೂ ಸಣ್ಣ ಸ್ಟೀಲ್ ಬಟ್ಟಲಲ್ಲಿ ತಂದು, ನುಂಗಿ ನೀರು ಕುಡಿಯುವವರೆಗೆ ಎದುರಿಗೇ ನಿಂತಿರುತ್ತಿದ್ದಳು. ಒಂದು ದಿನವೂ ತಪ್ಪಿದ್ದಿಲ್ಲ.

ತಪ್ಪದ ಇನ್ನೊಂದು ಏಕಾದಶಿ. ಅಲ್ಲಿದ್ದ ಹೆಂಗಸರಲ್ಲಿ ಹೆಚ್ಚಿನವರು ಗಂಡ ಹೋದಂದಿನಿಂದ ಏಕಾದಶಿ ಹಿಡಿದವರು. ಹಾಗಾಗಿ ಇಡೀ ಮನೆಗೇ ವ್ರತ. ನಮ್ಮ ಮನೆಯಲ್ಲಿ ಏಕಾದಶಿಯೆಂದರೆ ಅನ್ನ ಒಂದನ್ನು ಬಿಟ್ಟು ಉಳಿದದ್ದೆಲ್ಲ ಹೊಟ್ಟೆತುಂಬ ತಿನ್ನುವ ದಿನವಾಗಿತ್ತು. ಇಲ್ಲಿ ಹಾಗಲ್ಲ. ಬೆಳಿಗ್ಗೆ ಒಂದು ಲೋಟ ಹಾಲು, ಮಧ್ಯಾಹ್ನಕ್ಕೆ ಬಾಳೆಹಣ್ಣು, ಆಮೇಲೆ ಮರುದಿನ ದ್ವಾದಶಿಯ ಊಟದವರೆಗೆ ತೀರ್ಥವೇ. ನನ್ನಂಥವಳಿಗೆ ಬಾಳೆಹಣ್ಣೂ ವರ್ಜ್ಯವೆಂದು ಅದನ್ನೂ ಕೊಡುತ್ತಿರಲಿಲ್ಲ. ಸಕ್ಕರೆ ಕಾಯಿಲೆಗೆ ಉಪವಾಸಕ್ಕಿಂತ ಒಳ್ಳೆಯದಿಲ್ಲ ಎಂದು ಹೆಗಡೆಯವರು ಹೇಳಿದಾಗ ನನಗೂ ನಿಜವೆನಿಸಿತು. ಸಕ್ಕರೆ ಹೆಚ್ಚಾಗುವುದೇ ತಿನ್ನುವುದರಿಂದ ಅಲ್ಲವೇ. ಮಾತ್ರೆಗಂತೂ ವ್ರತವಿಲ್ಲ, ಅದು ಔಷಧಿ. ಸುಮಿತ್ರಾ ಬೆಳಿಗ್ಗೆಯೂ ಸಂಜೆಯೂ ಬಟ್ಟಲು ಹಿಡಿದು ಬರುತ್ತಿದ್ದಳು.

ನನ್ನ ಪಕ್ಕದ ಮಂಚದಲ್ಲಿದ್ದವರು ಭಾಗೀರಥಕ್ಕ, ಸಿದ್ದಾಪುರದ ಕಡೆ ನಿಲ್ಕುಂದದವರು. ನನಗಿಂತ ಹಿರಿಯರು. ಅವರಿಗೂ ಸಕ್ಕರೆ ಕಾಯಿಲೆ, ಅದೇ ಮಾತ್ರೆ. ಓದು ಬರಹ ಇಲ್ಲದಿದ್ದರೂ ಹಾಡು ಗೊತ್ತಿತ್ತು. ಬಾಗಿಲು ತೆಗೆಯುವ ಹಾಡು, ಎಣ್ಣೆ ಹಚ್ಚುವ ಹಾಡು, ಹೆಣ್ಣೊಪ್ಪಿಸುವ ಹಾಡು. ನಾನು ಮದುವೆಯಾಗಿಲ್ಲ ಎಂದು ಗೊತ್ತಾದಾಗ, ಹಾಗಾದರೆ ನಿನಗೆ ಒಂದು ಹಾಡೂ ಉಪಯೋಗಕ್ಕೆ ಬರಲಿಲ್ಲ ಎಂದು ಕನಿಕರಪಟ್ಟರು. ಆ ಮನೆಯಲ್ಲಿ ನನಗೆ ಸಿಕ್ಕ ಸುಖ ಅವರೊಬ್ಬರೇ.

ನನಗೆ ಮೊದಲ ಸಲ ಹಾಗಾದದ್ದು ಭಜನೆಯ ಹೊತ್ತಿಗೆ. ಕೈ ನಡುಗಿತು, ರವಿಕೆ ಬೆವರಿನಲ್ಲಿ ತೊಯ್ದುಹೋಯಿತು. ಆಮೇಲಿನದು ನನಗೆ ನೆನಪಿಲ್ಲ, ಬೇರೆಯವರು ಹೇಳಿದ್ದು. ನಾನು ಎದ್ದು ನಿಂತು ಉಮ್ಮಚಗಿಯ ಮಕ್ಕಳ ಹಾಜರಿ ಕೂಗಿದೆನಂತೆ. ತಾಳ ಹಿಡಿದಿದ್ದ ಹೆಗಡೆಯವರನ್ನು ಬೆಂಚಿನ ಮೇಲೆ ನಿಲ್ಲು ಎಂದು ಗದರಿಸಿದೆನಂತೆ. ಎಲ್ಲರೂ ನಕ್ಕರು. ಮರುದಿನ ದ್ವಾದಶಿಯ ಊಟ ಮಾಡಿದ ಮೇಲೆ ನಾನೂ ನಕ್ಕೆ.

ಆಮೇಲಿನ ಸಲ ಯಾರೂ ನಗಲಿಲ್ಲ. ಮೈಯೆಲ್ಲ ಉರಿಯೆಂದು ಸೀರೆ ಕಳಚಿ ಎಸೆದೆನಂತೆ, ಹೊದೆಸಲು ಬಂದ ಸುಮಿತ್ರಾಳ ಕೆನ್ನೆಗೆ ಹೊಡೆದೆನಂತೆ. ಬೆಳಿಗ್ಗೆ ಅವಳ ಕೆನ್ನೆ ನೋಡಿ ನಾನು ಯಾರು ಹೊಡೆದರು ಎಂದು ಕೇಳಿದೆ. ಅವಳು ಮಾತ್ರೆಯ ಬಟ್ಟಲು ಮುಂದೆ ಚಾಚಿದಳು, ಹೊಡೆದವಳು ನಾನೇ ಎಂದು ಬೇರೆಯವರು ಹೇಳಿದರು. ಅದಕ್ಕಿಂತ ನಾಚಿಕೆ ನನಗೆ ಜೀವನದಲ್ಲಿ ಆಗಿಲ್ಲ. ಹೀಗೆ ಆಗಾಗ ಆಗತೊಡಗಿತು. ಎಲ್ಲ ಏಕಾದಶಿಗೂ ಆಗುತ್ತಿರಲಿಲ್ಲ. ಗಪತಿ ಉಪ್ಪು ಬಿಸ್ಕಿಟ್ ತಂದುಕೊಟ್ಟು ಹೋದ ವಾರ ನಾನು ಕದ್ದು ತಿಂದಿರುತ್ತಿದ್ದೆ, ಆಗ ಏನೂ ಆಗುತ್ತಿರಲಿಲ್ಲ. ಹಾಗಾಗಿ ಏಕಾದಶಿಗೂ ಇದಕ್ಕೂ ನಂಟಿದೆ ಎಂದು ಮೊದಮೊದಲು ಯಾರಿಗೂ ಅನ್ನಿಸಲಿಲ್ಲ. ಅನ್ನಿಸಿದ ಮೇಲೆ ತಿಳಿದುಕೊಂಡದ್ದು ಬೇರೆಯೇ. ವ್ರತದ ದಿನವೇ ಅಕ್ಕೋರಿಗೆ ತಲೆ ಕೆಡುತ್ತದೆ, ಪೂರ್ವದ ಕರ್ಮವಿರಬೇಕು ಎಂದರು.

ಅದೇ ಸಂಜೆಗಳಲ್ಲಿ ಭಾಗೀರಥಕ್ಕ ಏನು ಮಾಡುತ್ತಿದ್ದರು ಗೊತ್ತೇ? ಗೋಡೆಗೊರಗಿ ಕಣ್ಣು ಮುಚ್ಚಿ ಕೂತಿರುತ್ತಿದ್ದರು. ಕರೆದರೆ ಓಗೊಡುತ್ತಿರಲಿಲ್ಲ. ಹಣೆಯಲ್ಲಿ ಬೆವರು ಇಳಿಯುತ್ತಿತ್ತು. ಅದನ್ನು ಎಲ್ಲರೂ ಧ್ಯಾನ ಎಂದರು. ಹೊರಗಿನಿಂದ ಬಂದವರು ಅವರ ಕಾಲು ಮುಟ್ಟಿ ನಮಸ್ಕಾರ ಮಾಡಿ ಹೋಗುತ್ತಿದ್ದರು.

ಗಪತಿಯನ್ನು ಕರೆಸಿದರು. ಹೆಗಡೆಯವರು ಅವನ ಹತ್ತಿರ ತುಂಬ ಸಂಕಟದಿಂದಲೇ ಮಾತಾಡಿದರು. ವಯಸ್ಸಾಯಿತು, ಅರಳುಮರಳು, ಉಳಿದವರಿಗೆ ಹೆದರಿಕೆಯಾಗುತ್ತದೆ ಎಂದರು. ನನ್ನನ್ನು ಹಿಂದಿನ ಕೋಣೆಗೆ ಹಾಕುವುದೆಂದು ತೀರ್ಮಾನವಾಯಿತು. ಮೊದಲು ತೆಂಗಿನಕಾಯಿ ಹಾಕಿಡುತ್ತಿದ್ದ ಕೋಣೆ ಅದು. ಒಂದು ಕಿಟಕಿ, ಅದರಾಚೆ ಬಟ್ಟೆ ಒಗೆಯುವ ಕಲ್ಲು. ಬಾಗಿಲಿಗೆ ಚಿಲಕ ಇದ್ದದ್ದು ಹೊರಗಡೆ. ನಾನು ಗಪತಿಯ ಕೈ ಹಿಡಿದು, ನನ್ನನ್ನು ಏನು ಬೇಕಾದರೂ ಕೇಳು, ಮಗ್ಗಿ ಕೇಳು, ನಿನ್ನ ಅಜ್ಜನ ಶ್ರಾದ್ಧದ ತಿಥಿ ಕೇಳು ಎಂದೆ. ಅವನು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ.

ಆ ಕೋಣೆಯ ದಿನಗಳ ಬಗ್ಗೆ ಹೆಚ್ಚು ಬರೆಯಲಾರೆ. ಕೆಟ್ಟದ್ದೆಂದರೆ ಚಿಲಕವಲ್ಲ, ನನಗೇ ನನ್ನ ಮೇಲೆ ನಂಬಿಕೆ ಹೋದದ್ದು. ಬೆಳಿಗ್ಗೆ ಎದ್ದ ಕೂಡಲೇ ಸುಮಿತ್ರಾಳ ಕೆನ್ನೆ ನೋಡುತ್ತಿದ್ದೆ. ಭಾಗೀರಥಕ್ಕ ದಿನಾ ಬಟ್ಟೆಯ ನೆವ ಮಾಡಿಕೊಂಡು ಕಿಟಕಿಯ ಹತ್ತಿರ ಬರುತ್ತಿದ್ದರು. ಒಗೆಯುವ ಕಲ್ಲಿನ ಮೇಲೆ ಕೂತು ಒಂದು ಹಾಡು ಹೇಳಿ ಹೋಗುತ್ತಿದ್ದರು. ಹುಚ್ಚಿಯ ಜೊತೆ ಮಾತಾಡುವವರಂತೆ ಅವರು ಎಂದೂ ಮಾತಾಡಲಿಲ್ಲ.

ಕಾಲಿನ ಗಾಯ ಮತ್ತೆ ಬಾಯಿ ಬಿಟ್ಟಾಗ ಗಪತಿ ನನ್ನನ್ನು ಪೇಟೆಯ ಡಾಕ್ಟರಲ್ಲಿಗೆ ಕರೆದೊಯ್ದ. ಅಂದು ಏಕಾದಶಿ. ಬೆಳಗಿನ ಮಾತ್ರೆ ಆಗಿತ್ತು, ಹಾಲು ಬೇಡವೆನಿಸಿ ಬಿಟ್ಟಿದ್ದೆ. ಡಾಕ್ಟರಲ್ಲಿ ಭಾರೀ ಗದ್ದಲ, ನಮ್ಮ ಸರದಿ ಬರಲು ಮಧ್ಯಾಹ್ನ ದಾಟಿತು. ಎದುರಿನ ಗೋಡೆಯ ಗಡಿಯಾರ ಎರಡಾಗಿ ಕಂಡದ್ದು ನೆನಪಿದೆ. ಗಪತಿಯ ಅಂಗಿ ಹಿಡಿದುಕೊಂಡು ಏನೋ ಅಂದೆ. ಮತ್ತೆ ಎಚ್ಚರವಾದಾಗ ಮಲಗಿದ್ದೆ, ಕೈಗೆ ಸೂಜಿ ಚುಚ್ಚಿತ್ತು, ಬಾಯಲ್ಲಿ ಸಿಹಿ. ಎಷ್ಟೋ ವರ್ಷಗಳ ನಂತರ ನಾಲಿಗೆಗೆ ಸಿಕ್ಕ ಸಕ್ಕರೆ. ತಲೆಯೊಳಗೆ ಯಾರೋ ಕಿಟಕಿ ತೆಗೆದ ಹಾಗೆ ಎಲ್ಲ ತಿಳಿಯಾಗಿತ್ತು.

ಡಾಕ್ಟರು ಹಾವೇರಿ ಕಡೆಯವರು. ಬೆಳಿಗ್ಗೆ ಏನು ತಿಂದಿರಿ ಎಂದು ಕೇಳಿದರು. ಗಪತಿ ಇವತ್ತು ಏಕಾದಶಿ ಎಂದ. ಅವರು ಹಣೆಗೆ ಕೈ ಹಚ್ಚಿಕೊಂಡರು.

"ಊಟಾ ಮಾಡ್ಲಾರ್ದ ಸಕ್ಕರಿ ಮಾತ್ರಿ ಕೊಟ್ರ ಜೀವ ಉಳಿತದೇನ್ರಿ? ಸಕ್ಕರಿ ಪೂರಾ ಇಳದೈತಿ. ಇವ್ರು ಮನ್ಯಾಗಿದ್ರ ಏಳ್ತಿರ್ಲಿಲ್ಲ."

ಅರಳುಮರಳಿನ ಸುದ್ದಿ ಹೇಳಿದಾಗ ಅವರು ನನ್ನನ್ನು ನಾಲ್ಕು ಮಾತು ಕೇಳಿ, ಇವರ ತಲೆ ನನಗಿಂತ ನೆಟ್ಟಗಿದೆ ಎಂದರು. ನಾನು ಆ ಮಂಚದ ಮೇಲೆ ಮಲಗಿಯೇ ಅತ್ತೆ. ಸಂತೋಷಕ್ಕೆ ಅತ್ತದ್ದು ಅದೇ ಕೊನೆ. ಮಾತ್ರೆ ಕಡಿಮೆ ಮಾಡಿದರು, ಏಕಾದಶಿಯೆಂದು ಒಂದು ಹೊತ್ತೂ ಹಸಿದಿರಬಾರದು ಎಂದರು. ಕೈ ನಡುಗಿದರೆ ಕೂಡಲೇ ಬಾಯಿಗೆ ಹಾಕಿಕೊಳ್ಳಲು ಸೆರಗಿನಲ್ಲಿ ಬೆಲ್ಲದ ಚೂರು ಕಟ್ಟಿಕೊಂಡಿರಿ ಎಂದರು.

ರಿಕ್ಷಾದಲ್ಲಿ ವಾಪಸು ಬರುವಾಗ ನನ್ನ ತಲೆಯಲ್ಲಿ ಇದ್ದದ್ದು ಭಾಗೀರಥಕ್ಕನ ಹಣೆಯ ಬೆವರು. ಅದು ಧ್ಯಾನವಲ್ಲ, ಅವರಿಗೂ ಇದೇ ಆಗುತ್ತಿದೆ, ಹೆಗಡೆಯವರಿಗೆ ಅದನ್ನೂ ಹೇಳು ಎಂದು ಗಪತಿಗೆ ಹೇಳಿದೆ. ಅವನು ರಿಕ್ಷಾದ ಹೊರಗೆ ನೋಡುತ್ತ ಹೇಳಿದ:

"ಅತ್ತೆ, ನಿಂದು ಸರಿಯಾತು ಅಲ್ದಾ? ಬೇರೆಯವ್ರ ಮನೆ ವಿಷಯ ನಂಗಕ್ಕೆ ಎಂತಕ್ಕೆ?"

ನನ್ನ ವಿಷಯವನ್ನು ಮಾತ್ರ ಹೇಳಿ ಅವನು ಅಂಗಡಿಗೆ ಹೋದ. ಉಳಿದದ್ದನ್ನು ನಾನೇ ಹೇಳಿದೆ. ಹೆಗಡೆಯವರು ತಾಳ್ಮೆಯಿಂದ ಕೇಳಿಸಿಕೊಂಡರು. ಅವರು ಕೆಟ್ಟವರಾಗಿದ್ದರೆ ನಾನು ಜಗಳವಾದರೂ ಆಡಬಹುದಿತ್ತು. ಡಾಕ್ಟರು ಹೇಳಿದ್ದು ನಿಮ್ಮ ಮೈಗೆ, ಎಲ್ಲರ ಮೈಗೂ ಅದೇ ಲೆಕ್ಕ ಹಿಡಿಯಲಾಗುತ್ತದೆಯೇ ಎಂದರು. ಭಾಗೀರಥಕ್ಕ ವರ್ಷಗಟ್ಟಲೆ ವ್ರತ ಮಾಡಿದವರು, ಅವರಿಗೆ ಏನೂ ಆಗಿಲ್ಲವಲ್ಲ ಎಂದರು.

"ಅಕ್ಕೋರಿಗೆ ಅವತ್ತು ಊಟ ಹಾಕ್ಸನ, ತೊಂದ್ರೆ ಇಲ್ಲೆ. ಆದ್ರೆ ವ್ರತ ಮಾಡವ್ರ ಎದುರಿಗೆ ಬ್ಯಾಡ."

ಹಾಗಾಗಿ ನಾನು ಹಿಂದಿನ ಕೋಣೆಯಲ್ಲೇ ಉಳಿದೆ. ಮೊದಲು ಅರಳುಮರಳಿಗೆ, ಈಗ ಅನ್ನಕ್ಕೆ. ಉಳಿದ ದಿನ ಬಾಗಿಲು ತೆರೆದಿರುತ್ತಿತ್ತು. ಏಕಾದಶಿಯಂದು ನಾನು ಊಟದ ಎಂಜಲಿನಲ್ಲಿ ಭಜನೆಯ ಕಡೆ ಬಂದುಬಿಡುತ್ತೇನೆಂದು ಚಿಲಕ ಹಾಕುತ್ತಿದ್ದರು. ಪೇಟೆಯ ಡಾಕ್ಟರನ್ನು ಒಮ್ಮೆ ಕರೆಸಿ ಎಂದು ಕೇಳಿದೆ. ಮನೆಗೆ ಬಂದುಹೋಗುವ ಡಾಕ್ಟರು ಬೇರೆ ಇದ್ದಾರೆ, ಅವರಿಗೆ ಬೇಸರವಾಗುತ್ತದೆ ಎಂದರು. ಆ ಡಾಕ್ಟರು ಬಂದಾಗ ನಾನು ಬಾಯಿ ತೆಗೆಯುವ ಮೊದಲೇ ಯಾರೋ ಅವರ ಕಿವಿಯಲ್ಲಿ ಏನೋ ಹೇಳಿದರು. ಅವರು ನನ್ನ ಬೆನ್ನು ತಟ್ಟಿ ಹೋದರು.

ಉಳಿದದ್ದು ಭಾಗೀರಥಕ್ಕನೇ. ಕಿಟಕಿಯ ಹತ್ತಿರ ಬಂದಾಗಲೆಲ್ಲ ಹೇಳಿದೆ. ಒಂದೋ ಊಟ ಮಾಡಿ, ಇಲ್ಲವೋ ಅಂದು ಮಾತ್ರೆ ತೆಗೆದುಕೊಳ್ಳುವುದು ಹೇಗೆಂದು ಡಾಕ್ಟರಲ್ಲಿ ಕೇಳಿಸಿ ಎಂದು ಬೇಡಿಕೊಂಡೆ. ಅವರು ನನ್ನ ಮಾತು ನಂಬಲಿಲ್ಲ ಎಂದಲ್ಲ, ನಂಬಿದರು ಎಂದೇ ನನಗೆ ಅನ್ನಿಸುತ್ತದೆ. ಒಗೆಯುವ ಕಲ್ಲಿನ ಮೇಲೆ ಕೂತು ಸೆರಗಿನ ಅಂಚನ್ನು ಮಡಚುತ್ತ ಹೇಳಿದರು:

"ಏಕಾದಶಿ ಬಿಟ್ಟು ಬದುಕಿ ಎಂತ ಮಾಡವು ಅಕ್ಕೋರೆ? ಯಂಗೆ ಉಳದ್ದು ಅದೊಂದೇಯ."

ತನಗೆ ಉಳಿದದ್ದು ಅದೊಂದೇ ಎನ್ನುವವರಿಗೆ ನಾನು ಮತ್ತೆ ಮಾತ್ರೆಯ ಮಾತನ್ನೇ ಹೇಳಿದೆ.

ಮಳೆಗಾಲ ಮುಗಿದು ಬಿಸಿಲು ಬಿದ್ದ ಒಂದು ಏಕಾದಶಿಯ ಸಂಜೆ ಭಾಗೀರಥಕ್ಕ ಒಣಗಿದ ಸೀರೆ ತೆಗೆಯಲು ಬಂದರು. ಮಡಚುತ್ತಾರೆ, ಬಿಡಿಸುತ್ತಾರೆ, ಮತ್ತೆ ಮಡಚುತ್ತಾರೆ. ಅಂಚಿಗೆ ಅಂಚು ಕೂಡುವುದಿಲ್ಲ. ಕರೆದೆ. ನನ್ನತ್ತ ನೋಡಿ, ಕರು ಬಿಟ್ಟಾಯಿತೇ ಎಂದು ಕೇಳಿದರು. ಮುಖವೆಲ್ಲ ನೀರು. ನಾನು ಸೆರಗಿನ ಗಂಟು ಬಿಚ್ಚಿ ಕಿಟಕಿಯ ಸರಳಿನೊಳಗಿಂದ ಬೆಲ್ಲ ಚಾಚಿದೆ. ಬಾಯಿಗೆ ಹಾಕಿಕೊಳ್ಳಿ ಎಂದೆ. ಅವರು ಮಗುವಿನ ಹಾಗೆ ಕೈಯೊಡ್ಡಿ ತೆಗೆದುಕೊಂಡರು, ಮುಷ್ಟಿ ಮುಚ್ಚಿದರು, ಅಷ್ಟೆ. ಬಾಯಿಗೆ ಹಾಕಬೇಕೆಂಬುದು ಅವರಿಗೆ ತಿಳಿಯಲಿಲ್ಲ.

ಸುಮಿತ್ರಾಳನ್ನು ಕೂಗಿದೆ. ಅವಳು ಬಂದು, ಉಪವಾಸಕ್ಕೆ ಅಜ್ಜಿಗೆ ಸುಸ್ತಾಗಿದೆ ಎಂದು ಕೈಹಿಡಿದು ಒಳಗೆ ಕರೆದೊಯ್ದಳು. ಸಕ್ಕರೆ ನೀರು ಕುಡಿಸು, ಡಾಕ್ಟರನ್ನು ಕರೆಸು ಎಂದು ಕೂಗಿದೆ. ಭಜನೆ ಶುರುವಾಯಿತು. ಸ್ಟೀಲ್ ಲೋಟದಿಂದ ಬಾಗಿಲು ಬಡಿದೆ. ಗಂಟಲು ಬಿರಿಯುವ ಹಾಗೆ ಕೂಗಿದೆ. ಒಳಗೆ ತಾಳದ ಸದ್ದು ಜೋರಾಯಿತು. ಪಾಪ, ಅಕ್ಕೋರಿಗೆ ಊಟ ಕೊಟ್ಟರೂ ಇವತ್ತು ಬಂತಲ್ಲ ಎಂದು ಯಾರೋ ಬಾಗಿಲಾಚೆ ಹೇಳಿಕೊಂಡು ಹೋದರು.

ಬೆಳಿಗ್ಗೆ ಚಿಲಕ ತೆಗೆದಾಗ ಮನೆಯಲ್ಲಿ ಶಂಖದ ಸದ್ದಿತ್ತು. ಅಳು ಇರಲಿಲ್ಲ. ದ್ವಾದಶಿ ಹುಟ್ಟುವ ಮೊದಲೇ ಹೋಗಿದ್ದಾರೆ, ಏಕಾದಶಿಯ ಸಾವು ಎಷ್ಟು ಜನರಿಗೆ ಸಿಗುತ್ತದೆ ಎಂದು ಎಲ್ಲರೂ ಕೈ ಮುಗಿಯುತ್ತಿದ್ದರು. ನಿಲ್ಕುಂದದಿಂದ ಬಂದ ಮಗನ ಮುಖದಲ್ಲಿ ಸಮಾಧಾನ ಕಂಡೆ. ಅವನಿಗೆ ಏನು ಹೇಳಲಿ? ಬಲಗೈ ಮುಷ್ಟಿ ಬಿಡಿಸಿದರೆ ಬೆಲ್ಲ ಅಂಟಿಕೊಂಡಿತ್ತಂತೆ. ಕೊನೆಯ ಹೊತ್ತಿನಲ್ಲೂ ಕೈಯಲ್ಲಿ ಪ್ರಸಾದ ಹಿಡಿದಿದ್ದರು ಎಂದು ಹೆಗಡೆಯವರು ಕಣ್ಣೊರೆಸಿಕೊಂಡರು. ಆ ಮಾತು ಊರೆಲ್ಲ ಹರಡಿತು. ಈಗ ಭಜನೆಯ ಕೋಣೆಯಲ್ಲಿ ಅವರ ಫೋಟೋ ಇದೆ, ಅದಕ್ಕೆ ಏಕಾದಶಿಗೊಂದು ಹಾರ ಹಾಕುತ್ತಾರೆ.

ನಾನು ಅದು ಪ್ರಸಾದವಲ್ಲ, ನಾನು ಕೊಟ್ಟ ಬೆಲ್ಲ ಎಂದು ಹೇಳಿದೆ. ಹೇಳಿದ್ದಕ್ಕೆ ಯಾರೂ ಸಿಟ್ಟು ಮಾಡಲಿಲ್ಲ. ತಲೆ ಅಲ್ಲಾಡಿಸಿದರು.

ವರ್ಷಗಳಾದವು. ನನ್ನ ಸಕ್ಕರೆ ಹಿಡಿತದಲ್ಲಿದೆ, ಕಾಲು ಉಳಿದಷ್ಟು ಉಳಿದಿದೆ. ಕಾಯಿಲೆಯ ಮಟ್ಟಿಗೆ ನಾನು ಪಾರಾದವಳೇ. ಗಪತಿ ಹಬ್ಬಕ್ಕೆ ಬರುತ್ತಾನೆ. ನಿಮ್ಮ ಮನೆಯ ಹಿರಿಯರು ಸಕ್ಕರೆ ಮಾತ್ರೆಯನ್ನೂ ಉಪವಾಸವನ್ನೂ ಒಟ್ಟಿಗೆ ಹಿಡಿದವರಾದರೆ ಅವರ ಡಾಕ್ಟರನ್ನು ಒಮ್ಮೆ ಕೇಳಿ. ಈ ಮಾತು ಮುಟ್ಟಬೇಕಾದವರು ಇದನ್ನು ಓದುವುದಿಲ್ಲ ಎಂದು ನನಗೆ ಗೊತ್ತಿದೆ.

ಕಳೆದ ವಾರ ಭಾಗೀರಥಕ್ಕನ ಮಂಚಕ್ಕೆ ಹೊಸಬರೊಬ್ಬರು ಬಂದರು, ಸಿದ್ದಾಪುರದ ಕಡೆಯವರು. ಸಣ್ಣ ಮೈ, ಮೆಲ್ಲಗೆ ನಗುತ್ತಾರೆ. ಅವರಿಗೂ ಸಕ್ಕರೆ ಕಾಯಿಲೆಯಂತೆ. ಇಂದು ಬೆಳಿಗ್ಗೆ ಸುಮಿತ್ರಾ ಸ್ಟೀಲ್ ಬಟ್ಟಲು ಹಿಡಿದು ಅವರ ಮಂಚದ ಕಡೆ ಹೊರಟಾಗ ನಾನು ನನ್ನ ಕೋಣೆಯಿಂದ ಹೊರಬಂದು ಅಡ್ಡ ನಿಂತು, ಮೊದಲು ಅವರಿಗೆ ಏನಾದರೂ ತಿನ್ನಲು ಕೊಡು ಎಂದೆ. ಅವಳು ಸಿಟ್ಟಾಗಲಿಲ್ಲ. ಒಂದು ಕೈಯಲ್ಲಿ ಬಟ್ಟಲನ್ನು ಜೋಪಾನವಾಗಿ ಹಿಡಿದುಕೊಂಡು, ಇನ್ನೊಂದು ಕೈಯಿಂದ ನನ್ನನ್ನು ಮೆಲ್ಲಗೆ ಒಳಗೆ ಸರಿಸಿ ಚಿಲಕಕ್ಕೆ ಕೈ ಹಾಕಿದಳು.

"ಸುಮ್ನಿರಿ ಅಕ್ಕೋರೇ," ಎಂದಳು. "ಇವತ್ತು ಏಕಾದಶಿ ಅಲ್ವಾ."